ವೃತ್ತಪತ್ರಿಕೆಗಳೂ ಸುಸ್ಥಿರತೆಯೂ

(ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಶುಭಸಮಯದಲ್ಲಿ ವೃತ್ತಪತ್ರಿಕೆಗಳನ್ನು ಕುರಿತು ನಾಲ್ಕು ಮಾತನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾನು ಪತ್ರಿಕಾವ್ಯವಸಾಯದವನಲ್ಲ, ಶಾಲೆಯಲ್ಲಿ ಕನ್ನಡ ಹೇಳಿಕೊಡುವ ಪಂಡಿತ. ಪಂಡಿತನ ಕೈಗೆ ಪತ್ರಿಕೆ ಸಿಕ್ಕಿದರೆ ಸುದ್ದಿಗಿಂತ ಮೊದಲು ಶಬ್ದವೇ ಕಣ್ಣಿಗೆ ಬೀಳುವುದು ವಾಡಿಕೆ. ಆದುದರಿಂದ ಶಬ್ದವೊಂದರಿಂದಲೇ ಹೊರಟು, ಅದರ ಬೆನ್ನು ಹಿಡಿದು ಲೋಕವ್ಯವಹಾರದೊಳಕ್ಕೆ ಹೋಗುವುದೇ ನನಗೆ ಸುಲಭವಾದ ದಾರಿ ಎಂದು ತೋರಿತು.

ಈಚಿನ ವರ್ಷಗಳಲ್ಲಿ ಯಾವ ಪತ್ರಿಕೆಯ ಪುಟ ತೆರೆದರೂ ತಪ್ಪದೆ ಎದುರಾಗುವ ಶಬ್ದ ಒಂದಿದೆ, ಅದು ‘ಸುಸ್ಥಿರತೆ’. ಮಂತ್ರಿಗಳ ಭಾಷಣದಲ್ಲಿ ಸುಸ್ಥಿರ ಅಭಿವೃದ್ಧಿ, ಕೃಷಿ ಪುಟದಲ್ಲಿ ಸುಸ್ಥಿರ ಕೃಷಿ, ವಾಣಿಜ್ಯ ಪುಟದಲ್ಲಿ ಸುಸ್ಥಿರ ಲಾಭ, ಸಿಮೆಂಟಿನ ಜಾಹೀರಾತಿನಲ್ಲಿ ಸುಸ್ಥಿರ ನಾಳೆ. ಒಂದೇ ಶಬ್ದವನ್ನು ಇಷ್ಟು ಜನ ಇಷ್ಟು ಕೆಲಸಕ್ಕೆ ಬಳಸಿದಾಗ, ಅದು ಎಲ್ಲರ ಮನೆಗೂ ಹೋಗಿ ಬರುವ ಎರವಲು ಪಾತ್ರೆಯಂತಾಗುತ್ತದೆ. ಅದರ ಮೇಲೆ ಕೊರೆದಿದ್ದ ಮನೆಯವರ ಹೆಸರು ಉಜ್ಜಿ ಉಜ್ಜಿ ಅಳಿಸಿಹೋಗಿರುತ್ತದೆ. ಆ ಹೆಸರು ಏನೆಂಬುದನ್ನು ಮೊದಲು ನೋಡೋಣ.

ಶಬ್ದದ ವಿಗ್ರಹ ಸುಲಭ. ‘ಸು’ ಎಂದರೆ ಚೆನ್ನಾಗಿ. ‘ಸ್ಥಿರ’ ಎಂದರೆ ಅಲುಗದೆ ನಿಂತದ್ದು. ಗಡಿನಾಡಿನಲ್ಲಿರುವ ನಮಗೆ ಒಂದು ಭಾಗ್ಯವಿದೆ. ನೆರೆಯವರು ಅದನ್ನೇ ಏನೆಂದು ಕರೆಯುತ್ತಾರೆಂಬುದು ಬೇಗ ಕಿವಿಗೆ ಬೀಳುತ್ತದೆ. ಮಲಯಾಳದವರು ನಮ್ಮಂತೆಯೇ ‘ಸುಸ್ಥಿರ ವಿಕಸನಂ’ ಎನ್ನುತ್ತಾರೆ. ತಮಿಳರು ‘ನಿಲೈಯಾನ ವಳರ್ಚ್ಚಿ’, ಅಂದರೆ ನೆಲೆಯುಳ್ಳ ಬೆಳವಣಿಗೆ, ಎನ್ನುತ್ತಾರೆ. ಹಿಂದಿಯಲ್ಲಿ ‘ಸತತ ವಿಕಾಸ’, ಮರಾಠಿಯಲ್ಲಿ ‘ಶಾಶ್ವತ ವಿಕಾಸ’. ಸ್ಥಿರವೆಂದರೆ ಅಲುಗದ್ದು, ಸತತವೆಂದರೆ ನಿಲ್ಲದ್ದು, ಶಾಶ್ವತವೆಂದರೆ ಅಳಿಯದ್ದು. ಅಲುಗದ್ದೂ ನಿಲ್ಲದ್ದೂ ಒಂದೇ ವಸ್ತುವಿನ ಹೆಸರಾಗಿರುವುದು ವಿನೋದವಲ್ಲವೇ? ಇಂಗ್ಲಿಷಿನ ಮೂಲ ಶಬ್ದಕ್ಕೆ ಹೊರುವುದು, ತಾಳಿಕೊಳ್ಳುವುದು ಎಂಬ ಅರ್ಥವುಂಟು. ಈ ಅರ್ಥಕ್ಕೆ ನಮ್ಮ ಮನೆಮಾತಿನಲ್ಲಿಯೇ ಬೀಜವಿದೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಕೇಳದವರಿಲ್ಲ. ತಾಳಿಕೆ ಇದ್ದರೆ ಬಾಳಿಕೆ. ನೆಲ ಎಷ್ಟು ತಾಳುತ್ತದೆಯೋ ಅಷ್ಟನ್ನೇ ಅದರ ಮೇಲೆ ಹೊರಿಸಬೇಕೆಂಬುದೇ ಸುಸ್ಥಿರತೆಯ ತಿರುಳು.

ಈ ವಿಚಾರ ಹುಟ್ಟಿದ್ದು ಸಭೆಗಳಲ್ಲಿ ಅಲ್ಲ, ಕಾಡಿನಲ್ಲಿ. ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಬೆಳ್ಳಿಯ ಗಣಿಗಳಿದ್ದವು. ಅದಿರನ್ನು ಕರಗಿಸುವುದಕ್ಕೂ ಸುರಂಗಗಳಿಗೆ ಆಧಾರ ಕೊಡುವುದಕ್ಕೂ ಮರ ಬೇಕು. ಕಡಿದು ಕಡಿದು ಸುತ್ತಲಿನ ಕಾಡು ಬರಿದಾಯಿತು. ಅಲ್ಲಿನ ಗಣಿ ಆಡಳಿತದ ಮುಖ್ಯನಾಗಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬವನು 1713ರಲ್ಲಿ ಅರಣ್ಯಕೃಷಿಯ ಮೇಲೆ ಒಂದು ಗ್ರಂಥ ಬರೆದು, ಎಷ್ಟು ಬೆಳೆಯುತ್ತದೆಯೋ ಅಷ್ಟನ್ನೇ ಕಡಿಯುವ ಕ್ರಮ ಬೇಕೆಂದು ವಾದಿಸಿದನು. ಸುಸ್ಥಿರತೆಗೆ ಜರ್ಮನರು ಇಂದು ಹೇಳುವ ಶಬ್ದದ ಬೇರು ಆ ಗ್ರಂಥದಲ್ಲಿದೆ. ಅಲ್ಲಿಂದ 274 ವರ್ಷಗಳು ಕಳೆದ ಮೇಲೆ, 1987ರಲ್ಲಿ, ನಾರ್ವೆಯ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವು ಅದಕ್ಕೆ ಜಗದ್ವಿಖ್ಯಾತವಾದ ಲಕ್ಷಣವನ್ನು ಕೊಟ್ಟಿತು. ಇಂದಿನವರ ಅಗತ್ಯ ತೀರಬೇಕು, ಆದರೆ ಮುಂದಿನ ತಲೆಮಾರಿನವರು ತಮ್ಮ ಅಗತ್ಯವನ್ನು ತೀರಿಸಿಕೊಳ್ಳುವ ಶಕ್ತಿಗೆ ಕುಂದು ಬರಬಾರದು ಎಂಬುದು ಅದರ ಸಾರ. 1992ರ ರಿಯೋ ಸಮ್ಮೇಳನದಲ್ಲಿ ಮಾತು ರಾಷ್ಟ್ರಗಳ ಬಾಯಿಗೆ ಬಂತು. 2015ರಲ್ಲಿ 17 ಗುರಿಗಳಾಗಿ ಎಲ್ಲ ಸರಕಾರಗಳ ಗೋಡೆಗಳನ್ನೂ ಏರಿತು.

ಇನ್ನು ಪತ್ರಿಕೆಗಳ ವಿಚಾರಕ್ಕೆ ಬರುತ್ತೇನೆ. ಪತ್ರಿಕೆ, ಆಕಾಶವಾಣಿ, ದೂರದರ್ಶನ, ಅಂತರ್ಜಾಲದ ಸುದ್ದಿತಾಣ, ಇವುಗಳನ್ನೆಲ್ಲ ಮಾಧ್ಯಮಸಂಸ್ಥೆಗಳೆಂದು ಒಟ್ಟಾಗಿ ಕರೆಯೋಣ. ಈ ಸಂಸ್ಥೆಗಳು ಸುಸ್ಥಿರತೆ ಎಂದು ಹೇಳುವಾಗ ಮನಸ್ಸಿನಲ್ಲಿ ಏನನ್ನು ಇಟ್ಟುಕೊಂಡಿರುತ್ತವೆ ಎಂದು ವಿಚಾರಿಸಿದರೆ, ಮೂರು ಬಗೆಯ ಅರ್ಥಗಳು ಸಿಕ್ಕುತ್ತವೆ. ಮೊದಲನೆಯದು ತಮ್ಮ ಮನೆಯ ಖರ್ಚು, ಎರಡನೆಯದು ತಮ್ಮ ಉಳಿವು, ಮೂರನೆಯದು ತಾವು ಹೇಳುವ ಮಾತು.

ಮನೆಯ ಖರ್ಚು ಎಂದರೆ ಕಾಗದ, ಮಸಿ, ವಿದ್ಯುತ್ತು, ಸಾಗಾಟ. ಕಾಗದವೆಂದರೆ ಮರ. ಮೈಸೂರು ಸಂಸ್ಥಾನದ ಕಾಲದಲ್ಲಿ, 1936ರಲ್ಲಿ, ಭದ್ರಾವತಿಯಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆಯ ಹೆಸರನ್ನು ತಾವೆಲ್ಲರೂ ಬಲ್ಲಿರಿ. ಅದು ಮುಂದೆ ಪತ್ರಿಕೆಗಳಿಗೆ ಬೇಕಾದ ಕಾಗದವನ್ನೂ ಮಾಡಿತು. ಅದಕ್ಕೆ ಬೇಕಾದ ಮರ ಬೆಳೆಸಲು 1980ರಲ್ಲಿ ಮಲೆನಾಡಿನ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ನೀಲಗಿರಿ, ಅಕೇಶಿಯಾಗಳ ನೆಡುತೋಪುಗಳು ಎದ್ದವು. ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು, ಗುತ್ತಿಗೆಯ ಅವಧಿಯೂ 2020ರಲ್ಲಿ ಮುಗಿಯಿತು. ‘ಕಾಡು ಉಳಿಸಿ’ ಎಂಬ ಸಂಪಾದಕೀಯವೂ ಒಂದು ಮರದ ತಿರುಳಿನ ಮೇಲೆಯೇ ಅಚ್ಚಾಗಬೇಕು. ಇದು ಪತ್ರಿಕೆಯ ಹುಟ್ಟಿನಲ್ಲೇ ಇರುವ ಸಂಕಟ. ಇದಕ್ಕಾಗಿ ಪತ್ರಿಕೆಯನ್ನು ಹಳಿಯಬೇಕಾಗಿಲ್ಲ, ಲೆಕ್ಕವಿಡಬೇಕೆಂದು ಕೇಳಬಹುದು. ಕಾಗದ ಬಿಟ್ಟು ಸಂಚಾರವಾಣಿಯಲ್ಲಿ ಓದಿದರೆ ಹೊರೆ ತಪ್ಪಿತೆಂದು ತಿಳಿಯುವುದೂ ಸರಿಯಲ್ಲ. ಅಂತರ್ಜಾಲದ ಮಾಹಿತಿಯನ್ನೆಲ್ಲ ಹೊತ್ತಿರುವ ದೊಡ್ಡ ದೊಡ್ಡ ಗಣಕಯಂತ್ರಶಾಲೆಗಳು 2024ರಲ್ಲಿ ಜಗತ್ತಿನ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 1.5ನ್ನು ಬಳಸಿದುವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಆ ಹೊರೆಯಲ್ಲಿ ಸುದ್ದಿಯ ಪಾಲು ಅಲ್ಪ. ಆದರೂ ಪಾಲು ಪಾಲೇ.

ಈ ಲೆಕ್ಕವಿಡುವ ಕೆಲಸ ಈಗೀಗ ನಡೆಯುತ್ತಿದೆ. ಬ್ರಿಟನ್ನಿನಲ್ಲಿ ದೂರದರ್ಶನದ ಕಾರ್ಯಕ್ರಮವೊಂದನ್ನು ತಯಾರಿಸುವಾಗ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಎಂದು ಅಳೆಯುವ ‘ಆಲ್ಬರ್ಟ್’ ಎಂಬ ಕ್ರಮ 2011ರಿಂದ ಇದೆ. ನಮ್ಮ ದೇಶದಲ್ಲಿ ಷೇರುಪೇಟೆಯಲ್ಲಿ ನಮೂದಾದ ಅಗ್ರ 1000 ಕಂಪನಿಗಳು 2022-23ರ ಸಾಲಿನಿಂದ ತಮ್ಮ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಪ್ರಕಟಿಸಲೇಬೇಕೆಂದು ಸೆಬಿಯ ನಿಯಮವಿದೆ. ಆ ಪಟ್ಟಿಯೊಳಗೆ ಬರುವ ಮಾಧ್ಯಮಕಂಪನಿಗಳಿಗೂ ಅದು ತಪ್ಪಿದ್ದಲ್ಲ. ಆದರೆ ಇಂಥ ವರದಿಗಳಲ್ಲಿ ಒಂದು ಸ್ವಭಾವವಿದೆ: ಎಣಿಸಲು ಸುಲಭವಾದುದನ್ನು ಎಣಿಸುವುದು. ಎಷ್ಟು ದೀಪ ಬದಲಾಯಿಸಿದೆವು, ಎಷ್ಟು ಕಾಗದ ಉಳಿಸಿದೆವು, ಎಷ್ಟು ಗಿಡ ನೆಟ್ಟೆವು ಎಂದು ಕೋಷ್ಟಕ ತುಂಬುತ್ತದೆ. ಎಷ್ಟು ಜನರಿಗೆ ಏನನ್ನು ತಿಳಿಸಿದೆವು, ಏನನ್ನು ತಿಳಿಸದೆ ಬಿಟ್ಟೆವು ಎಂಬುದಕ್ಕೆ ಕೋಷ್ಟಕದಲ್ಲಿ ಕಾಲಂ ಇಲ್ಲ.

ಎರಡನೆಯ ಅರ್ಥ ಉಳಿವು. ಪತ್ರಿಕಾಲಯದ ಒಳಗೆ ‘ನಮ್ಮ ಸುಸ್ಥಿರತೆ’ ಎಂಬ ಮಾತು ಬಂದರೆ, ಅದು ಕಾಡಿನ ಮಾತಾಗಿರುವುದಕ್ಕಿಂತ ಹಣದ ಮಾತಾಗಿರುವುದೇ ಹೆಚ್ಚು. ಪತ್ರಿಕೆಗಳ ಆದಾಯದಲ್ಲಿ ಬಹುಪಾಲು ಓದುಗರ ಚಂದಾದಿಂದ ಬರುವುದಿಲ್ಲ, ಜಾಹೀರಾತಿನಿಂದ ಬರುತ್ತದೆ. ಆ ಜಾಹೀರಾತು ಈಗ ಅಂತರ್ಜಾಲದ ಕಡೆಗೆ ಹರಿದುಹೋಗುತ್ತಿದೆ. ಇದನ್ನು ಕೇವಲ ವ್ಯಾಪಾರದ ಚಿಂತೆಯೆಂದು ನಾವು ಕಡೆಗಣಿಸಬಾರದು. 1843ರಲ್ಲಿ ಹೆರ್ಮನ್ ಮೊಗ್ಲಿಂಗ್ ಅವರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ಪತ್ರಿಕೆ, ಅದು ಮರುವರ್ಷವೇ ಬಳ್ಳಾರಿಗೆ ವಲಸೆ ಹೋಗಿ ಹೆಸರು ಬದಲಾಯಿಸಬೇಕಾಯಿತು. ಅಂದಿನಿಂದ ಇಂದಿನ ವರೆಗೆ ಹುಟ್ಟಿದ ಕನ್ನಡ ಪತ್ರಿಕೆಗಳ ಪಟ್ಟಿಯೂ ದೊಡ್ಡದು, ನಿಂತುಹೋದವುಗಳ ಪಟ್ಟಿಯೂ ದೊಡ್ಡದು. ಗಡಿನಾಡಿನ ಸಣ್ಣ ಪತ್ರಿಕೆಯೊಂದು ನಿಂತರೆ ಆ ಊರಿನ ಬಾವಿ, ತೋಡು, ಶಾಲೆ, ಆಸ್ಪತ್ರೆಗಳ ಸುದ್ದಿಗೂ ಬಾಯಿ ಕಟ್ಟಿದಂತೆ. ಆದುದರಿಂದ ಈ ಎರಡನೆಯ ಅರ್ಥ ಮೂರನೆಯದಕ್ಕೆ ಅಡಿಪಾಯ.

ಮೂರನೆಯದು ಮಾತು. ಬ್ರಿಟನ್ನಿನ ಮಾಧ್ಯಮಸಂಸ್ಥೆಗಳು ಇದಕ್ಕೆ ಒಂದು ಸೊಗಸಾದ ಶಬ್ದವನ್ನು ಬಳಸುತ್ತವೆ. ಕಾರ್ಖಾನೆಯು ನೆಲದ ಮೇಲೆ ಬಿಡುವುದು ಹೆಜ್ಜೆಗುರುತು. ಪತ್ರಿಕೆಯು ಓದುಗನ ಮನಸ್ಸಿನ ಮೇಲೆ ಬಿಡುವುದು ಮಿದುಳುಗುರುತು. ಒಂದು ಪತ್ರಿಕೆಯ ಹೆಜ್ಜೆಗುರುತು ಒಂದು ಉಕ್ಕಿನ ಕಾರ್ಖಾನೆಯದಕ್ಕಿಂತ ಎಷ್ಟೋ ಚಿಕ್ಕದು. ಮಿದುಳುಗುರುತಾದರೋ ಎಷ್ಟೋ ಪಾಲು ದೊಡ್ಡದು. ಆದುದರಿಂದ ಮಾಧ್ಯಮದ ಸುಸ್ಥಿರತೆಯನ್ನು ಅದರ ವಿದ್ಯುತ್ ಬಿಲ್ಲಿನಲ್ಲಿ ಹುಡುಕುವುದಕ್ಕಿಂತ ಅದರ ಶೀರ್ಷಿಕೆಗಳಲ್ಲಿ ಹುಡುಕುವುದು ಯುಕ್ತ.

ಮಾತಿನ ವಿಷಯದಲ್ಲಿ ಎರಡು ದೃಷ್ಟಾಂತಗಳನ್ನು ಕೊಡುತ್ತೇನೆ. ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆ 2019ರ ಮೇ ತಿಂಗಳಲ್ಲಿ ತನ್ನ ಬರವಣಿಗೆಯ ನಿಯಮಾವಳಿಯನ್ನು ತಿದ್ದಿಕೊಂಡಿತು. ‘ಹವಾಮಾನ ಬದಲಾವಣೆ’ ಎಂಬುದು ಮೆದುವಾದ ಮಾತು, ನಡೆಯುತ್ತಿರುವ ಸಂಗತಿಯ ಕಾವು ಅದರಲ್ಲಿಲ್ಲ. ಆದುದರಿಂದ ‘ಹವಾಮಾನ ಬಿಕ್ಕಟ್ಟು’, ‘ಹವಾಮಾನ ತುರ್ತುಸ್ಥಿತಿ’ ಎಂಬ ಮಾತುಗಳಿಗೆ ಆದ್ಯತೆ ಕೊಡಬೇಕೆಂದು ಅದು ನಿಶ್ಚಯಿಸಿತು. ಮರುವರ್ಷ, 2020ರ ಜನವರಿಯಲ್ಲಿ, ಕಲ್ಲೆಣ್ಣೆ ಮತ್ತು ಅನಿಲ ತೆಗೆಯುವ ಕಂಪನಿಗಳ ಜಾಹೀರಾತನ್ನು ಸ್ವೀಕರಿಸುವುದಿಲ್ಲವೆಂದು ಸಾರಿತು. ಇಲ್ಲಿ ಕ್ರಮವನ್ನು ಗಮನಿಸಬೇಕು. ಮೊದಲು ಶಬ್ದ ತಿದ್ದಿತು, ಆಮೇಲೆ ಗಲ್ಲಾಪೆಟ್ಟಿಗೆ ತಿದ್ದಿತು. ಶಬ್ದ ಮಾತ್ರ ತಿದ್ದಿ ಗಲ್ಲಾಪೆಟ್ಟಿಗೆಯನ್ನು ಹಾಗೆಯೇ ಬಿಟ್ಟಿದ್ದರೆ ಅದು ವ್ಯಾಕರಣದ ಪಾಠವಾಗುತ್ತಿತ್ತು, ವ್ರತವಾಗುತ್ತಿರಲಿಲ್ಲ.

ಎರಡನೆಯದು ಸಮತೋಲನದ ವಿಚಾರ. ಎರಡು ಪಕ್ಷಗಳ ಮಾತನ್ನೂ ಸಮವಾಗಿ ಹೇಳುವುದು ಪತ್ರಿಕಾಧರ್ಮವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದು ಒಳ್ಳೆಯ ಧರ್ಮವೇ. ಆದರೆ ಅಮೆರಿಕೆಯ ನಾಲ್ಕು ಪ್ರತಿಷ್ಠಿತ ಪತ್ರಿಕೆಗಳಲ್ಲಿ 1988ರಿಂದ 2002ರ ವರೆಗೆ ಭೂಮಿಯ ತಾಪವನ್ನು ಕುರಿತು ಬಂದ ವರದಿಗಳನ್ನು ಬಾಯ್ಕಾಫ್ ಸಹೋದರರು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೊಂದು ಚಿತ್ರ ಕಂಡಿತು. ಅರ್ಧಕ್ಕಿಂತ ಹೆಚ್ಚು ವರದಿಗಳು, ಮನುಷ್ಯನ ಕೆಲಸದಿಂದ ತಾಪ ಏರುತ್ತಿದೆ ಎಂಬ ವಿಜ್ಞಾನಿಗಳ ನಿರ್ಣಯವನ್ನೂ, ಅದು ಸ್ವಾಭಾವಿಕವೆಂಬ ಕೆಲವರ ಸಂಶಯವನ್ನೂ ಸಮತೂಕದಲ್ಲಿ ಇಟ್ಟಿದ್ದವು. ತಕ್ಕಡಿಯ ಒಂದು ತಟ್ಟೆಯಲ್ಲಿ ಸೇರು ಅಕ್ಕಿ, ಇನ್ನೊಂದರಲ್ಲಿ ಹಿಡಿ ಹೊಟ್ಟು. ಎರಡೂ ಸಮವೆಂದು ತೋರಿಸಬೇಕಾದರೆ ಮುಳ್ಳನ್ನು ಬೆರಳಿನಿಂದ ಹಿಡಿಯಲೇಬೇಕು. ಬಿ.ಬಿ.ಸಿ. ಸಂಸ್ಥೆಯ ವಿಜ್ಞಾನವಾರ್ತೆಗಳನ್ನು 2011ರಲ್ಲಿ ಪರಿಶೀಲಿಸಿದ ತಳಿವಿಜ್ಞಾನಿ ಸ್ಟೀವ್ ಜೋನ್ಸ್ ಅವರೂ ಇಂಥ ಹುಸಿ ಸಮತೋಲನವನ್ನು ಎತ್ತಿ ತೋರಿಸಿದರು. 2018ರಲ್ಲಿ ಆ ಸಂಸ್ಥೆ ತನ್ನ ವರದಿಗಾರರಿಗೆ ಈ ಬಗ್ಗೆ ಸ್ಪಷ್ಟ ಸೂಚನೆ ಕೊಟ್ಟಿತು.

ಮಹನೀಯರೇ, ಲಂಡನ್ನು, ಅಮೆರಿಕೆಗಳ ಮಾತು ಸಾಕು. ಹಿತ್ತಿಲ ಗಿಡ ಮದ್ದಲ್ಲವೆಂದು ಗಾದೆ ಹೇಳುತ್ತದೆ. ನಾನು ಇನ್ನು ಮೇಲೆ ಹೇಳಬೇಕಾದುದು ನಮ್ಮ ಹಿತ್ತಿಲಿನ ವಿಚಾರ. ಅದೂ ಮದ್ದಿನ ವಿಚಾರವೇ.

ನಮ್ಮ ಕಾಸರಗೋಡು ಸೀಮೆಯಲ್ಲಿ ಅಡಿಕೆಗೆ ಮೈಲುತುತ್ತಿನ ದ್ರಾವಣ ಸಿಂಪಡಿಸುವುದನ್ನು ‘ಮದ್ದು ಬಿಡುವುದು’ ಎನ್ನುತ್ತೇವೆ. ಮಲಯಾಳದಲ್ಲಿ ಅದೇ ‘ಮರುನ್ನ್’. ಕೊಳೆರೋಗಕ್ಕೆ ಅದು ಮದ್ದೇ ಹೌದು. ಆದರೆ ಈ ಒಳ್ಳೆಯ ಶಬ್ದದ ನೆರಳಿನಲ್ಲಿ ಕೀಟನಾಶಕ ವಿಷಗಳೂ ಬಂದು ಸೇರಿಕೊಂಡವು. ಕೇರಳದ ತೋಟಗಾರಿಕಾ ನಿಗಮದ ಗೇರುತೋಟಗಳು ನಮ್ಮ ಗುಡ್ಡಗಳ ನೆತ್ತಿಯ ಮೇಲೆ ಹಬ್ಬಿವೆ. ಗೇರಿನ ಚಿಗುರಿನ ರಸ ಹೀರುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ವರೆಗೆ, ಸುಮಾರು ಎರಡು ದಶಕಗಳ ಕಾಲ, ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟ ನೆತ್ತಿಯಲ್ಲಿ, ಮನೆ, ಗದ್ದೆ, ತೋಡುಗಳು ತಪ್ಪಲಲ್ಲಿ. ಪಡ್ರೆ, ಬಾಯಾರು ಕಡೆಯ ಜನ ನೀರಿಗಾಗಿ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ಸುರಂಗ ತೆಗೆಯುವುದು ತಲೆತಲಾಂತರದ ವಿದ್ಯೆ. ಗುಡ್ಡ ಕುಡಿದ ಮಳೆ ಆ ಸುರಂಗದಲ್ಲಿ ಜಿನುಗಿ, ಯಂತ್ರದ ಹಂಗಿಲ್ಲದೆ, ಮನೆಯಂಗಳಕ್ಕೆ ಹರಿದು ಬರುತ್ತದೆ. ತಾಳಿಕೆ-ಬಾಳಿಕೆಯ ವಿದ್ಯೆಗೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆ. ಮದ್ದು ಬಿಡುವಾಗ ಬಾವಿಗೆ ಮುಚ್ಚಳ ಹಾಕಬಹುದು. ಸುರಂಗಕ್ಕೂ ತೋಡಿಗೂ ಹಾಕುವುದೆಂತು?

1980ರ ದಶಕದ ಆರಂಭದಲ್ಲಿಯೇ, ಹುಟ್ಟುವ ಕರುಗಳ ಕಾಲು ತಿರುಚಿರುವುದನ್ನು ಗಮನಿಸಿ ಈ ಬಗ್ಗೆ ಪತ್ರಿಕೆಯಲ್ಲಿ ಬರೆದವರು ಎಣ್ಮಕಜೆ ಗ್ರಾಮದ ಪಡ್ರೆಯ ಕೃಷಿಕ-ಪತ್ರಕರ್ತ ಶ್ರೀಪಡ್ರೆಯವರು. 1990ರ ದಶಕದಲ್ಲಿ ಅಲ್ಲಿಯೇ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನಕುಮಾರರು, ಒಂದೇ ಪ್ರದೇಶದಲ್ಲಿ ಅಸಾಮಾನ್ಯ ಕಾಯಿಲೆಗಳು ಗುಂಪುಗೂಡಿರುವುದನ್ನು ಗುರುತಿಸಿ ಜನರ ಗಮನಕ್ಕೆ ತಂದರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮನವರು ನ್ಯಾಯಾಲಯದ ಮೆಟ್ಟಿಲೇರಿ, 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಿಂದ ಸಿಂಪರಣೆಗೆ ತಡೆ ತಂದರು. ಆದರೂ ಈ ಸುದ್ದಿ ದೇಶದ ಸುದ್ದಿಯಾದದ್ದು 2001ರಲ್ಲಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತ ಮೊದಲಾದವುಗಳ ಮಾದರಿಗಳನ್ನು ಪರೀಕ್ಷಿಸಿ ಅವುಗಳಲ್ಲಿ ವಿಷದ ಅಂಶವಿದೆಯೆಂದು ಪ್ರಕಟಿಸಿದ ಮೇಲೆ! ಮೊದಲ ಬರಹಕ್ಕೂ ಇದಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷಗಳು. ಇಪ್ಪತ್ತು ವರ್ಷವೆಂದರೆ ಒಂದು ಕೂಸು ಹುಟ್ಟಿ ಬೆಳೆದು ಮನೆಗೆ ಆಸರೆಯಾಗಬೇಕಾದ ಕಾಲ. ಎದ್ದು ನಿಲ್ಲಲೂ ಆಗದ ಮಕ್ಕಳನ್ನು ಎತ್ತಿಕೊಂಡೇ ಆ ಕಾಲವನ್ನು ಕಳೆದ ತಾಯಂದಿರು ನಮ್ಮ ನೆರೆಯ ಗ್ರಾಮಗಳಲ್ಲಿದ್ದಾರೆ.

ಏಕೆ ಇಷ್ಟು ತಡವಾಯಿತು? ನನಗೆ ತೋಚುವ ಕಾರಣಗಳನ್ನು ಹೇಳುತ್ತೇನೆ. ಮೊದಲನೆಯದು ಗಡಿ. ಪಡ್ರೆಯ ಜನರ ಮಾತು ಕನ್ನಡ, ತುಳು. ಅವರ ಮೇಲಿನ ಆಡಳಿತ ಮಲಯಾಳದಲ್ಲಿ. ಬೆಂಗಳೂರಿನ ಪತ್ರಿಕೆಗೆ ಅದು ಕೇರಳದ ಸುದ್ದಿ; ತಿರುವನಂತಪುರದ ಪತ್ರಿಕೆಗೆ ಅದು ಉತ್ತರದ ಕಟ್ಟಕಡೆಯ ಮೂಲೆಯ ಸುದ್ದಿ. ಎರಡು ಮನೆಯ ನೆಂಟ ಉಪವಾಸ ಬೀಳುವಂತೆ ಗಡಿಯ ಸುದ್ದಿ ಎರಡು ಕಡೆಯ ಮುಖಪುಟಕ್ಕೂ ಹೊರತಾಯಿತು. ವಿಷಕ್ಕಾದರೋ ಇಂಥ ಗಡಿ ಇರಲಿಲ್ಲ. ದಕ್ಷಿಣಕನ್ನಡದ ಕೊಕ್ಕಡ ಸುತ್ತಲಿನ ಗೇರುತೋಟಗಳಲ್ಲಿಯೂ ಇದೇ ಸಿಂಪರಣೆ ನಡೆದು, ಅಲ್ಲಿಯೂ ಇಂಥ ಸಂಕಟವೇ ಎದುರಾಯಿತು.

ಎರಡನೆಯ ಕಾರಣ ಶಬ್ದ. ಅದು ‘ಮದ್ದು’ ಎಂದೇ ಕರೆಯಲ್ಪಟ್ಟಷ್ಟು ಕಾಲ, ಅದನ್ನು ಪ್ರಶ್ನಿಸುವವನು ಕೃಷಿಯ ವೈರಿಯಂತೆ ಕಂಡನು. ‘ಔಷಧ ಸಿಂಪರಣೆ’ ಎಂಬ ಪ್ರಕಟಣೆಯನ್ನು ಓದಿದವನ ಎದೆ ಏಕೆ ನಡುಗಬೇಕು? ಲಂಡನ್ನಿನ ಪತ್ರಿಕೆ 2019ರಲ್ಲಿ ಮಾಡಿದ ಶಬ್ದಪರಿಶೋಧನೆಯನ್ನು ನಾವು ನಮ್ಮ ಊರಿನಲ್ಲಿ ನಾಲ್ಕು ದಶಕಗಳ ಹಿಂದೆಯೇ ಮಾಡಬೇಕಾಗಿತ್ತು.

ಮೂರನೆಯದು ಆ ಸಮತೋಲನದ ಪ್ರಶ್ನೆಯೇ. ಕಾಯಿಲೆಗಳಿಗೆ ಸಿಂಪರಣೆಯೇ ಕಾರಣವೆಂದು ಹೇಳಿದವರು ಇದ್ದರು. ಅಷ್ಟನ್ನು ಸಿದ್ಧಪಡಿಸಲು ಪ್ರಮಾಣ ಸಾಲದೆಂದು ಹೇಳಿದ ವಿಜ್ಞಾನಿಗಳೂ ಇದ್ದರು, ಈಗಲೂ ಇದ್ದಾರೆ. ಸಮಿತಿಯ ಮೇಲೆ ಸಮಿತಿ ಕೂತಿತು. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಭೂಮಿಯ ತಾಪದ ವಿಷಯದಲ್ಲಿ ಪ್ರಮಾಣಗಳು ರಾಶಿ ಬಿದ್ದಿದ್ದವು. ಅವುಗಳನ್ನು ಸಂಶಯದೊಡನೆ ಸಮತೂಗಿದ್ದು ತಪ್ಪಾಯಿತು. ಪಡ್ರೆಯ ವಿಷಯದಲ್ಲಿ ಪ್ರಮಾಣಗಳನ್ನು ಬಹುಕಾಲ ಯಾರೂ ಸಂಗ್ರಹಿಸಿಯೇ ಇರಲಿಲ್ಲ. ನೋಡಲು ಹೋಗದೆ ‘ಪ್ರಮಾಣವಿಲ್ಲ’ ಎಂದು ಬರೆಯುವುದು ಸಮತೋಲನವಲ್ಲ, ಆಲಸ್ಯ. ಹೇಳಿಕೆ, ಪ್ರತಿಹೇಳಿಕೆಗಳನ್ನು ಅಕ್ಕಪಕ್ಕದಲ್ಲಿ ಅಚ್ಚುಮಾಡಿ ಕೈತೊಳೆದುಕೊಳ್ಳುವುದು ಸುಲಭ; ಗುಡ್ಡ ಹತ್ತಿ, ತೋಡು ದಾಟಿ, ಮನೆಮನೆಯ ಲೆಕ್ಕ ತೆಗೆಯುವುದು ಕಷ್ಟ. ಪತ್ರಿಕೆಯ ಧರ್ಮ ಆ ಕಷ್ಟದಲ್ಲಿದೆ. ಈ ಕೆಲಸವನ್ನು ಮುಂದೆ ಮಾಡಿದವರೂ ಉಂಟು. ಮಾತೃಭೂಮಿಯ ಛಾಯಾಗ್ರಾಹಕ ಮಧುರಾಜರ ಚಿತ್ರಗಳು ಮಲಯಾಳದ ಓದುಗರ ನಿದ್ದೆಗೆಡಿಸಿದವು. ಅಂಬಿಕಾಸುತನ್ ಮಾಂಗಾಡರು 2009ರಲ್ಲಿ ಬರೆದ ಮಲಯಾಳ ಕಾದಂಬರಿಗೆ ನಮ್ಮ ‘ಎಣ್ಮಕಜೆ’ ಗ್ರಾಮದ ಹೆಸರನ್ನೇ ಇಟ್ಟರು.

2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಕೂಡಿದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆಯಾಜ್ಞೆ ಕೊಟ್ಟಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ತೀರ್ಪಿನ ದಿನ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳು ಬಂದವು. ಐದು ವರ್ಷಗಳ ಮೇಲೆ, 2022ರ ಮೇ ತಿಂಗಳಲ್ಲಿ, ಅದೇ ನ್ಯಾಯಾಲಯದ ಮುಂದೆ ಬೆಳಕಿಗೆ ಬಂದ ಸಂಗತಿಯೇನೆಂದರೆ, 3,704 ಮಂದಿಯಲ್ಲಿ ಪರಿಹಾರ ಸಂದದ್ದು ಕೇವಲ 8 ಮಂದಿಗೆ! ನ್ಯಾಯಾಲಯ ಕಠಿನವಾಗಿ ನುಡಿದ ಮೇಲೆ ಹಂಚಿಕೆ ಚುರುಕಾಯಿತು. ಸುಸ್ಥಿರತೆಯ ಸುದ್ದಿಗೆ ಇದೊಂದು ವ್ಯಾಧಿಯುಂಟು. ಅದು ಉತ್ಸವಮೂರ್ತಿಯಂತೆ ಜೂನ್ 5ರ ಪರಿಸರ ದಿನದಂದು, ತೀರ್ಪಿನ ದಿನದಂದು, ಹೊರಗೆ ಬರುತ್ತದೆ. ಉಳಿದ ದಿನ ಗರ್ಭಗುಡಿಯಲ್ಲಿ ಬಾಗಿಲು ಮುಚ್ಚಿಕೊಂಡಿರುತ್ತದೆ. ಬಾಳಿಕೆಯನ್ನು ಬೋಧಿಸುವ ಪತ್ರಿಕೆಯ ನೆನಪಿಗೂ ಬಾಳಿಕೆ ಬೇಡವೇ?

ಇಷ್ಟನ್ನು ಕೇಳಿ ತಾವು ನಿರಾಶರಾಗಬಾರದು. ಉತ್ತಮ ನಿದರ್ಶನವೂ ನಮ್ಮ ನೆರೆಯಲ್ಲಿಯೇ ಇದೆ. 1988ರಿಂದ ಪುತ್ತೂರಿನಲ್ಲಿ ಪ್ರಕಟವಾಗುತ್ತ ಬಂದ ‘ಅಡಿಕೆ ಪತ್ರಿಕೆ’ಯನ್ನು ನಮ್ಮಲ್ಲಿ ಅನೇಕರು ಬಲ್ಲಿರಿ. ಶ್ರೀಪಡ್ರೆಯವರು ಸಂಪಾದಕರಾಗಿ ದುಡಿದ ಈ ಮಾಸಪತ್ರಿಕೆಯ ನಿಲುವು ಸರಳವಾದುದು: ಕೃಷಿಯನ್ನು ಕುರಿತು ಕೃಷಿಕನೇ ಬರೆಯಲಿ. ಮಳೆನೀರು ಇಂಗಿಸಿದವನು ಇಂಗಿಸಿದ ಬಗೆಯನ್ನು ಬರೆಯುತ್ತಾನೆ. ಹಲಸಿನ ಹಪ್ಪಳ ಮಾಡಿ ಮಾರಿದವಳು ಲಾಭನಷ್ಟದ ಲೆಕ್ಕವನ್ನು ಹೇಳುತ್ತಾಳೆ. ಹಿತ್ತಿಲಿನಲ್ಲಿ ಕೊಳೆತುಹೋಗುತ್ತಿದ್ದ ಹಲಸಿಗೆ ಮುಖಪುಟದ ಮಾನ ಕೊಟ್ಟ ಕೀರ್ತಿಯೂ ಈ ಪತ್ರಿಕೆಗೆ ಸಲ್ಲುತ್ತದೆ. ದೊಡ್ಡ ಮಾಧ್ಯಮಸಂಸ್ಥೆಗಳು ಸುಸ್ಥಿರತೆಯನ್ನು ಒಂದು ವಿಷಯವೆಂದು ತಿಳಿದು ಅದಕ್ಕೊಂದು ಪುಟ ಕೊಡುತ್ತವೆ. ಇಂಥ ಸಣ್ಣ ಪತ್ರಿಕೆ ಅದನ್ನು ಒಂದು ರೀತಿಯೆಂದು ತಿಳಿದು ಎಲ್ಲ ಪುಟಗಳಲ್ಲಿಯೂ ನಡೆಸುತ್ತದೆ.

ಜಾಹೀರಾತುಗಳ ವಿಷಯದಲ್ಲಿಯೂ ಒಂದು ಮಾತು. ಹಸಿರು ಎಲೆಯ ಚಿತ್ರ ಬರೆದ ಮಾತ್ರಕ್ಕೆ ವಸ್ತು ಹಸಿರಾಗುವುದಿಲ್ಲ. ‘ಪರಿಸರಸ್ನೇಹಿ’ ಎಂದು ಸಾರುವವನು ಅದಕ್ಕೆ ಆಧಾರ ತೋರಿಸಬೇಕೆಂದು ಭಾರತೀಯ ಜಾಹೀರಾತು ಮಾನಕ ಮಂಡಳಿಯ ನಿಯಮ 2024ರ ಫೆಬ್ರವರಿಯಿಂದ ಜಾರಿಗೆ ಬಂದಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಹಸಿರು ಸೋಗಿನ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. ಆಧಾರ ಕೇಳುವ ಹಕ್ಕು ಓದುಗನಿಗೆ ಇದೆಯೆಂಬುದನ್ನು ನಮ್ಮ ಮಕ್ಕಳು ಅರಿತಿರಬೇಕು.

ಹಾಗಾದರೆ ನಾವು ಮಾಡಬೇಕಾದುದೇನು? ಮನೆಯಲ್ಲಿ ಬೆಳಗ್ಗೆ ಪತ್ರಿಕೆ ಬಂದಾಗ, ಸುಸ್ಥಿರ, ಹಸಿರು, ಅಭಿವೃದ್ಧಿ ಎಂಬ ಶಬ್ದಗಳಿರುವ ಸುದ್ದಿಯೊಂದನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ಓದಿಸಿ ಮೂರು ಪ್ರಶ್ನೆಗಳನ್ನು ಕೇಳಿರಿ. ಇದನ್ನು ಹೇಳಿದವರು ಯಾರು? ಹೇಳಿದವರು ಸ್ಥಳಕ್ಕೆ ಹೋಗಿ ನೋಡಿದ್ದಾರೆಯೇ? ಇದರ ಹೊರೆಯನ್ನು ತಾಳುವವರು ಯಾರು? ಈ ಮೂರಕ್ಕೂ ಉತ್ತರ ಸಿಕ್ಕಿದರೆ ಅದು ಸುದ್ದಿ, ಸಿಕ್ಕದಿದ್ದರೆ ಅಲಂಕಾರ. ಶಾಲೆಗಳಲ್ಲಿ ಗೋಡೆಪತ್ರಿಕೆ ನಡೆಸುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಏಪ್ರಿಲಿನಲ್ಲಿ ನಮ್ಮ ಬಾವಿಯ ನೀರು ಎಷ್ಟು ಮೆಟ್ಟಲು ಇಳಿಯಿತು, ಸುರಂಗದ ನೀರು ಯಾವ ವಾರದಲ್ಲಿ ಸಣ್ಣದಾಯಿತು, ತೋಡಿನಲ್ಲಿ ಮೀನು ಕಂಡಿತೇ, ಇವನ್ನು ವಿದ್ಯಾರ್ಥಿಗಳು ವರ್ಷವರ್ಷವೂ ಬರೆದಿಟ್ಟರೆ ಹತ್ತು ವರ್ಷಗಳಲ್ಲಿ ಅದು ಯಾವ ಸಮಿತಿಯೂ ತಳ್ಳಿಹಾಕಲಾಗದ ದಾಖಲೆಯಾಗುತ್ತದೆ. ಪಡ್ರೆಯಲ್ಲಿ ಬಹುಕಾಲ ಇಲ್ಲದೆ ಹೋದದ್ದು ಇಂಥ ದಾಖಲೆಯೇ.

ಕೊನೆಯದಾಗಿ ಕನ್ನಡದ ಮಾತು. ಕಾಸರಗೋಡಿನ ಕನ್ನಡ ಶಾಲೆಗಳ ಬಗ್ಗೆ ನಮಗಿರುವ ಚಿಂತೆಯನ್ನು ಈ ವೇದಿಕೆಯಿಂದ ಅನೇಕರು ಅನೇಕ ಸಲ ಹೇಳಿದ್ದಾರೆ. ಅದನ್ನು ಭಾಷಾಭಿಮಾನದ ಮಾತೆಂದು ಮಾತ್ರ ತಿಳಿಯಬಾರದು. ‘ಮದ್ದು’ ಎಂಬ ಶಬ್ದದೊಳಗೆ ವಿಷ ಅಡಗಿದ್ದುದನ್ನು ಗುರುತಿಸಬೇಕಾದರೆ ಆ ಶಬ್ದ ನಮ್ಮದಾಗಿರಬೇಕು. ತನ್ನ ಊರಿನ ಗುಡ್ಡ, ತೋಡು, ಕಟ್ಟಗಳಿಗೆ ಹೆಸರು ಹೇಳಲಾರದ ಮಗು ಅವು ಕೆಟ್ಟುಹೋದಾಗ ಯಾವ ಪತ್ರಿಕೆಗೂ ಬರೆಯಲಾರದು. ನೆಲದ ಬಾಳಿಕೆಯೂ ನುಡಿಯ ಬಾಳಿಕೆಯೂ ಒಂದನ್ನೊಂದು ಹಿಡಿದುಕೊಂಡಿವೆ. ಆದುದರಿಂದ ಪ್ರತಿಯೊಂದು ಕನ್ನಡ ಮನೆಗೂ ಒಂದು ಕನ್ನಡ ಪತ್ರಿಕೆ ಚಂದಾ ಕೊಟ್ಟು ಬರಲಿ. ಅದರಲ್ಲಿ ನಮ್ಮ ಊರಿನ ಸುದ್ದಿ ಬಾರದಿದ್ದರೆ ಸಂಪಾದಕರಿಗೆ ಒಂದು ಕಾಗದ ಹೋಗಲಿ. ಕೊಡುವವನೇ ಕೇಳುವ ಅಧಿಕಾರವುಳ್ಳವನು.

ಸಂಘವು ಬಹುಕಾಲ ತಾಳಿ ಬಾಳಲೆಂದು ಹಾರೈಸಿ, ನನ್ನ ಭಾಷಣವನ್ನು ಮುಗಿಸುತ್ತೇನೆ.